ಕಾರು ಕಟ್ಟಬಹುದು, ನಂಬರು ಎಲ್ಲಿಂದ ತರುವುದು?

ಗ್ಯಾರೇಜಿನಲ್ಲಿ ಕೂತು ಸ್ವಂತ ಕೈಯಿಂದ ಕಾರು ಕಟ್ಟುವ ಹವ್ಯಾಸ ಹೊರದೇಶಗಳಲ್ಲಿ ಬಹಳ ಹಳೆಯದು. ಅಂಥ ಕಾರಿಗೆ ಅಲ್ಲಿ ನಂಬರ್ ಪ್ಲೇಟ್ ಕೂಡ ಸಿಗುತ್ತದೆ. ನಮ್ಮಲ್ಲಿ ಮಾತ್ರ ಓಡುವ ಕಾರಿಗೂ ಆರ್‌ಟಿಒ ಬಾಗಿಲು ಮುಚ್ಚಿರುತ್ತದೆ. ಏಕೆ?

ಬೆಳಗಾವಿಗೆ ಹೊಂದಿಕೊಂಡಂತಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಕಬ್ಬಿಣದ ಕೆಲಸ ಮಾಡಿಕೊಂಡಿದ್ದ ಒಬ್ಬರ ಮಗನಿಗೆ ಕಾರಿನ ಆಸೆ. ಹೊಸ ಕಾರು ಕೊಳ್ಳುವಷ್ಟು ಹಣ ಮನೆಯಲ್ಲಿಲ್ಲ. ಅಪ್ಪ ಸುಮ್ಮನೆ ಕೂರಲಿಲ್ಲ. ಹಳೆಯ ವಾಹನಗಳ ಗುಜರಿ ಸಾಮಾನು ಆರಿಸಿ ತಂದರು. ತಗಡು ಬಡಿದರು, ಬೆಸುಗೆ ಹಾಕಿದರು. ಸುಮಾರು 60 ಸಾವಿರ ರೂಪಾಯಿ ಖರ್ಚಿನಲ್ಲಿ ಪುಟ್ಟದೊಂದು ಜೀಪು ತಯಾರಾಯಿತು. ಸ್ಕೂಟರಿಗೆ ಒದೆಯುವಂತೆ ಕಿಕ್ ಹೊಡೆದರೆ ಸಾಕು, ಅದು ಚಾಲೂ!

2021ರ ಡಿಸೆಂಬರಿನಲ್ಲಿ ಈ ಜೀಪಿನ ವಿಡಿಯೊ ದೇಶವೆಲ್ಲ ಓಡಾಡಿತು. ಉದ್ಯಮಿ ಆನಂದ್ ಮಹೀಂದ್ರ ಅದನ್ನು ಕಂಡು ಮೆಚ್ಚಿದರು. ಮೆಚ್ಚುಗೆಯ ಜೊತೆಗೇ ಒಂದು ಕಹಿ ಸತ್ಯವನ್ನೂ ಹೇಳಿದರು: ಈ ವಾಹನ ನಿಯಮಗಳಿಗೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ಇದನ್ನು ತಡೆಯುತ್ತಾರೆ. ಅದಕ್ಕೆ ಬದಲಾಗಿ ಹೊಸ ಬೊಲೆರೊ ಕೊಡುತ್ತೇನೆ ಎಂದರು. 2022ರ ಜನವರಿಯಲ್ಲಿ ಬೊಲೆರೊ ಆ ಮನೆಯ ಮುಂದೆ ಬಂದು ನಿಂತಿತು.

ಕಥೆ ಸುಖಾಂತವಾಯಿತು, ಸರಿ. ಆದರೆ ಪ್ರಶ್ನೆ ಹಾಗೆಯೇ ಉಳಿಯಿತು. ಎಂಜಿನ್ ಇದೆ, ಬ್ರೇಕ್ ಇದೆ, ಚಕ್ರ ಉರುಳುತ್ತದೆ. ಆದರೂ ಅದು ಕಾನೂನಿನ ಕಣ್ಣಿಗೆ ಕಾರಲ್ಲ. ಹಾಗಾದರೆ ಕಾನೂನು ಯಾವುದನ್ನು ಕಾರು ಎನ್ನುತ್ತದೆ?

ಕಾರಿಗೂ ಒಂದು ಜನ್ಮಪತ್ರ

ಮಗು ಹುಟ್ಟಿದರೆ ಜನನ ಪ್ರಮಾಣಪತ್ರ ಬೇಕು. ಕಾರಿಗೂ ಅಷ್ಟೇ. ಶೋರೂಮಿನಿಂದ ಹೊಸ ಕಾರು ತಂದವರ ಕಾಗದಗಳನ್ನು ಒಮ್ಮೆ ಬಿಡಿಸಿ ನೋಡಿ. ನೋಂದಣಿಗೆ ಮಾಲೀಕರ ಅರ್ಜಿ ಫಾರಂ 20. ಮಾರಾಟಗಾರರ ಪತ್ರ ಫಾರಂ 21. ಈ ವಾಹನ ರಸ್ತೆಗೆ ಯೋಗ್ಯವಾಗಿದೆ ಎಂದು ತಯಾರಕರೇ ಬರೆದುಕೊಡುವ ಪತ್ರ ಫಾರಂ 22. ಛಾಸಿಸ್ ಮೇಲೆ ಕೊರೆದ ಸಂಖ್ಯೆಗೂ ಕಾಗದದ ಮೇಲಿನ ಸಂಖ್ಯೆಗೂ ತಾಳೆಯಾದರೆ ಮಾತ್ರ ಕೆಲಸ ಮುಂದಕ್ಕೆ. ಹಳೆಯ ವಾಹನ ಕೊಂಡವರಿಗೆ ಆ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಪದ್ಧತಿ ನೆನಪಿರಬಹುದು.

ಮನೆಯಲ್ಲಿ ಕಟ್ಟಿದ ಕಾರಿನ ತೊಡಕು ಇಲ್ಲಿಯೇ ಶುರು. ಎಂಜಿನ್ ಒಂದು ಕಾರಿನದು, ಗೇರ್‌ಬಾಕ್ಸ್ ಇನ್ನೊಂದರದು, ಛಾಸಿಸ್ ಸ್ವಂತದ್ದು. ಇದರ ತಯಾರಕ ಯಾರು? ಹುಟ್ಟಿದ ವರ್ಷ ಯಾವುದು? ಗುಜರಿಯಿಂದ ತಂದ ಎಂಜಿನ್ ಕದ್ದ ಮಾಲಲ್ಲ ಎಂಬುದಕ್ಕೆ ಸಾಕ್ಷಿ ಏನು? ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕಳಚಿಕೊಳ್ಳುವುದಿಲ್ಲ ಎಂದು ಯಾರು ಹೊಣೆ ಹೊರುತ್ತಾರೆ? ಈ ಪ್ರಶ್ನೆಗಳು ಎಲ್ಲ ದೇಶಗಳಿಗೂ ಎದುರಾದವು. ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿತು.

ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ಕಿಟ್ ಕಾರಿನ ತವರು ಎಂದರೆ ಬ್ರಿಟನ್. ಕಂಪನಿ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕಳಿಸುತ್ತದೆ, ಕೊಂಡವನು ಮನೆಯಲ್ಲಿ ಜೋಡಿಸಿಕೊಳ್ಳುತ್ತಾನೆ. ಇದು ಬೆಳೆದದ್ದು ಹವ್ಯಾಸದಿಂದ ಮಾತ್ರವಲ್ಲ, ತೆರಿಗೆಯಿಂದ! ಆಗ ಅಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ 'ಲೋಟಸ್ ಸೆವೆನ್' ಹೀಗೆ ಕಿಟ್ ರೂಪದಲ್ಲಿ ಜನಪ್ರಿಯವಾಯಿತು.

ಇದರ ಬಗ್ಗೆ ಒಂದು ಸ್ವಾರಸ್ಯದ ಕಥೆ ಇದೆ. ಕಿಟ್ ಜೊತೆ ಜೋಡಿಸುವ ವಿಧಾನದ ಪುಸ್ತಕ ಕೊಟ್ಟರೆ ತೆರಿಗೆ ಬೀಳುತ್ತದೆ ಎಂದು ನಿಯಮ ಹೇಳಿತಂತೆ. ಚಾಪ್‌ಮನ್ ಕಾರನ್ನು ಬಿಚ್ಚುವ ವಿಧಾನದ ಪುಸ್ತಕ ಕೊಟ್ಟರಂತೆ. ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆ ಆಯಿತು! ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ನಮ್ಮ ಗಾದೆ ಲಂಡನ್ನಿಗೂ ಸಲ್ಲುತ್ತದೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ತೆರಿಗೆಯ ಆಸೆ ಹೋದರೂ ಕಟ್ಟುವ ಆಸೆ ಹೋಗಲಿಲ್ಲ.

ಈಗ ಅಲ್ಲಿ ಮನೆಯಲ್ಲಿ ಕಟ್ಟಿದ ಕಾರು ಒಂದು ಪರೀಕ್ಷೆ ಪಾಸಾಗಬೇಕು. 1998ರಲ್ಲಿ ಬಂದ ಒಂಟಿ ವಾಹನದ ಪರೀಕ್ಷೆಯ ಜಾಗದಲ್ಲಿ 2009ರಿಂದ 'ಐವಿಎ' ಎಂಬ ಇನ್ನಷ್ಟು ಬಿಗಿಯಾದ ಪರೀಕ್ಷೆ ಇದೆ. ಬ್ರೇಕ್, ಸ್ಟೀರಿಂಗ್, ದೀಪ, ಸೀಟ್ ಬೆಲ್ಟ್ ಬಿಗಿದ ಜಾಗ, ಹೊಗೆ, ಸದ್ದು ಎಲ್ಲವನ್ನೂ ನೋಡುತ್ತಾರೆ. ಪಾದಚಾರಿಗೆ ತಾಗಿದರೆ ಗಾಯವಾಗುವಂಥ ಚೂಪು ಅಂಚುಗಳನ್ನೂ ಅಳೆಯುತ್ತಾರೆ. ಕಾರು ಕಟ್ಟುವಾಗ ತೆಗೆದ ಫೋಟೊಗಳು, ಸಾಮಾನು ಕೊಂಡ ರಸೀದಿಗಳು ಜೊತೆಗಿರಬೇಕು. ಅಂಗಡಿಯ ಚೀಟಿ ಎಸೆಯುವ ಅಭ್ಯಾಸ ಇರುವವರಿಗೆ ಅಲ್ಲಿ ಕಾರು ಕಟ್ಟುವುದು ಕಷ್ಟ.

ಪಾಸಾದ ಮೇಲೆ ನಂಬರು. ಭಾಗಗಳೆಲ್ಲ ಹೊಸದಾದರೆ ಹೊಸ ಕಾರಿನಂತೆ ಆ ವರ್ಷದ ನಂಬರು. ಹಳೆಯ ಕಾರೊಂದರ ಮುಖ್ಯ ಭಾಗಗಳನ್ನು ಹೊಸ ಚೌಕಟ್ಟಿಗೆ ಹಾಕಿದ್ದರೆ ಆ ಕಾರಿನ ವಯಸ್ಸಿಗೆ ತಕ್ಕ ನಂಬರು. ಮೂಲ, ವಯಸ್ಸು ಎರಡೂ ಗೊತ್ತಾಗದಿದ್ದರೆ 1983ರಿಂದ ಇರುವ 'ಕ್ಯೂ' ಅಕ್ಷರದ ನಂಬರು. ಆ ಅಕ್ಷರ ಕಂಡೊಡನೆ ಕೊಳ್ಳುವವನು ಎಚ್ಚರವಾಗುತ್ತಾನೆ: ಈ ಕಾರಿನ ಹುಟ್ಟು ನಿಶ್ಚಿತವಿಲ್ಲ. ಕಾರನ್ನು ರಸ್ತೆಯಿಂದ ಓಡಿಸಲಿಲ್ಲ, ಸುಳ್ಳು ಹೇಳಲೂ ಬಿಡಲಿಲ್ಲ. ಇದೇ ಈ ಪದ್ಧತಿಯ ಜಾಣತನ.

ಕೋಟಿಯ ಹಾವು, ಲಕ್ಷದ ನೆರಳು

ಅಮೆರಿಕದಲ್ಲಿ ಹೆಚ್ಚು ನಕಲಾದ ಕಾರುಗಳಲ್ಲೊಂದು 'ಶೆಲ್ಬಿ ಕೋಬ್ರಾ'. ಕ್ಯಾರಲ್ ಶೆಲ್ಬಿ 1962ರಲ್ಲಿ ಬ್ರಿಟನ್ನಿನ ಹಗುರ ಕಾರಿಗೆ ಫೋರ್ಡ್ ಕಂಪನಿಯ ಭಾರಿ ವಿ-8 ಎಂಜಿನ್ ಕೂಡಿಸಿ ಇದನ್ನು ತಯಾರಿಸಿದರು. ಅಸಲಿ ಕೋಬ್ರಾಗಳು ಆಗ ತಯಾರಾದದ್ದು ಸುಮಾರು ಒಂದು ಸಾವಿರ. ಮೊಟ್ಟಮೊದಲ ಕೋಬ್ರಾ 2016ರ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಮಾರಾಟವಾಯಿತು. ಕಣ್ಣಿಗೆ ಹಾಗೆಯೇ ಕಾಣುವ ಪ್ರತಿಕೃತಿ ಇದರ ಪುಡಿಗಾಸಿಗೆ ಸಿಗುತ್ತದೆ.

ಕಾಗದದ ಮಹತ್ವ ತಿಳಿಯುವುದು ಇಲ್ಲಿ. ಕಳೆದ ವರ್ಷ ಗ್ಯಾರೇಜಿನಲ್ಲಿ ಕಟ್ಟಿದ ಕಾರಿನ ಪತ್ರದಲ್ಲಿ '1965ರ ಕೋಬ್ರಾ' ಎಂದಷ್ಟೇ ಬರೆದರೆ, ನಾಳೆ ಅದನ್ನು ಕೊಳ್ಳುವವನು ಮೋಸ ಹೋದಂತೆಯೇ. ಅಲ್ಲಿ ಮಾಲೀಕತ್ವದ ಪತ್ರ ಕೊಡುವುದು ಆಯಾ ರಾಜ್ಯ ಸರ್ಕಾರ, ಸುರಕ್ಷತೆಯ ನಿಯಮ ಮಾಡುವುದು ಕೇಂದ್ರ. ಎಂಜಿನ್, ಗೇರ್‌ಬಾಕ್ಸ್ ಇಲ್ಲದ ಕಿಟ್ ಪೂರ್ತಿ ವಾಹನವಲ್ಲ ಎಂಬ ಆಧಾರದ ಮೇಲೆ ಕಿಟ್ ವ್ಯಾಪಾರ ನಡೆದುಬಂತು.

ಹೊಗೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಕ್ಯಾಲಿಫೋರ್ನಿಯ 2001ರಲ್ಲಿ ಒಂದು ಕಾನೂನು ಮಾಡಿತು. ವರ್ಷಕ್ಕೆ ಮೊದಲು ಬಂದ 500 ಸ್ವಂತ ನಿರ್ಮಾಣದ ಕಾರುಗಳಿಗೆ ಒಂದು ವಿನಾಯಿತಿ. ಕಾರಿನ ಮೈ ಯಾವ ವರ್ಷದ ಮಾದರಿಯನ್ನು ಹೋಲುತ್ತದೋ ಅಥವಾ ಎಂಜಿನ್ ಯಾವ ವರ್ಷದ್ದೋ, ಆ ವರ್ಷದ ಹೊಗೆ ನಿಯಮ ಅದಕ್ಕೆ ಸಾಕು. ಯಾವುದನ್ನೂ ಹೋಲದಿದ್ದರೆ 1960ರ ಮಾದರಿ ಎಂದು ಲೆಕ್ಕ. ಆದರೆ ಪತ್ರದಲ್ಲಿ ಅದು 'ವಿಶೇಷವಾಗಿ ನಿರ್ಮಿಸಿದ ವಾಹನ' ಎಂದೇ ದಾಖಲಾಗುತ್ತದೆ.

ಕಂಪನಿಯೇ ಪೂರ್ತಿ ಜೋಡಿಸಿದ ಪ್ರತಿಕೃತಿ ಕಾರು ಮಾರಬಹುದೆ? ಇದಕ್ಕೆ ಅಮೆರಿಕದ ಸಂಸತ್ತು 2015ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಕನಿಷ್ಠ 25 ವರ್ಷ ಹಿಂದಿನ ಕಾರನ್ನು ಹೋಲಬೇಕು, ಸಣ್ಣ ಕಂಪನಿ ಅಲ್ಲಿ ವರ್ಷಕ್ಕೆ 325ಕ್ಕಿಂತ ಹೆಚ್ಚು ಮಾರುವಂತಿಲ್ಲ, ಎಂಜಿನ್ ಮಾತ್ರ ಇಂದಿನ ಹೊಗೆ ನಿಯಮಕ್ಕೆ ಒಳಪಡಬೇಕು. ಒಂದು ವರ್ಷದೊಳಗೆ ನಿಯಮ ರೂಪಿಸಿ ಎಂದು ಕಾನೂನು ಹೇಳಿದ್ದರೂ ಇಲಾಖೆ ಏಳಲಿಲ್ಲ. 2019ರಲ್ಲಿ ಉದ್ಯಮದ ಸಂಘ ಕೋರ್ಟಿಗೆ ಹೋಯಿತು. ಅಂತಿಮ ನಿಯಮ ಪ್ರಕಟವಾದದ್ದು 2022ರಲ್ಲಿ. ಸರ್ಕಾರಿ ಕಡತದ ವೇಗ ಎಲ್ಲ ಕಡೆಯೂ ಒಂದೇ!

ನಂಬರು ಸಿಕ್ಕಿದರೂ ಕಥೆ ಮುಗಿಯದು. ಕಾರಿನ ರೂಪಕ್ಕೂ ಒಡೆಯರಿದ್ದಾರೆ. 1984ರಲ್ಲಿ ಶುರುವಾದ 'ಮಯಾಮಿ ವೈಸ್' ಟಿವಿ ಧಾರಾವಾಹಿಯ ನಾಯಕ ಓಡಿಸುತ್ತಿದ್ದ ಕಪ್ಪು ಫೆರಾರಿ ಅಸಲಿಯಲ್ಲ, ಕಾರ್ವೆಟ್ ಛಾಸಿಸ್ ಮೇಲೆ ಕಟ್ಟಿದ ನಕಲು. ಫೆರಾರಿ ಸಿಟ್ಟಾಯಿತು. ಮುಂದೆ ಕಥೆಗೆ ಅಸಲಿ ಬಿಳಿ ಟೆಸ್ಟರೊಸ್ಸ ಬಂತು. 1991ರಲ್ಲಿ ಫೈಬರ್ ಗ್ಲಾಸಿನ ಫೆರಾರಿ ಪ್ರತಿಕೃತಿಗಳ ಮೇಲಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಫೆರಾರಿಯ ಪರ ತೀರ್ಪಿತ್ತಿತು. 2015ರಲ್ಲಿ ಬ್ಯಾಟ್‌ಮನ್ ಕಾರಿನ ನಕಲು ಮಾರುತ್ತಿದ್ದವರೂ ಕೋರ್ಟಿನಲ್ಲಿ ಸೋತರು.

ನಮ್ಮಲ್ಲಿ ಹೇಗೆ?

ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆ ನೋಡುವುದು ತಯಾರಕರ ಕಡೆಗೆ. ಕೇಂದ್ರ ನಿಯಮಗಳ 126ನೆಯ ನಿಯಮದಂತೆ ಪ್ರತಿ ಮಾದರಿ ವಾಹನವೂ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಳಗಾಗಬೇಕು. ಲಕ್ಷ ಕಾರು ತಯಾರಿಸುವ ಕಂಪನಿಗೆ ಈ ಪರೀಕ್ಷೆಯ ಖರ್ಚು ಲಕ್ಷ ಪಾಲಾಗಿ ಹಂಚಿಹೋಗುತ್ತದೆ. ಒಂದೇ ಕಾರು ಕಟ್ಟಿದವನು ಅಷ್ಟನ್ನೂ ಒಂದೇ ಹೆಗಲ ಮೇಲೆ ಹೊರಬೇಕು. ಬ್ರಿಟನ್ನಿನಲ್ಲಿರುವಂತೆ ಹವ್ಯಾಸಿಯ ಒಂಟಿ ಕಾರಿಗೆಂದೇ ಸುಲಭದ ದಾರಿ ನಮ್ಮಲ್ಲಿಲ್ಲ.

ಹಳೆಯ ಕಾರಿನ ಆರ್‌ಸಿ ಇಟ್ಟುಕೊಂಡು ಅದರ ಮೇಲೆ ಹೊಸ ಮೈ ಕೂರಿಸಿದರೆ? ಅದಕ್ಕೆ 52ನೆಯ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5 ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅನುಮೋದನೆ ಪಡೆದ ಸಿಎನ್‌ಜಿ ಕಿಟ್, ಅಂಗವಿಕಲರಿಗಾಗಿ ಅನುಮತಿ ಪಡೆದು ಮಾಡಿದ ಮಾರ್ಪಾಡು ಮುಂತಾದವಕ್ಕೆ ಮಾತ್ರ ಅವಕಾಶ.

'ವಿಂಟೇಜ್' ಎಂದು ನೋಂದಾಯಿಸಬಹುದಲ್ಲ ಎನ್ನುವವರೂ ಉಂಟು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ 'ವಿಎ' ಅಕ್ಷರಗಳ ನಂಬರು ಸಿಗುತ್ತದೆ. ನಿನ್ನೆ ಕಟ್ಟಿದ ಹಳೆಯ ಮುಖದ ಕಾರಿಗೆ ಅಲ್ಲಿಯೂ ಜಾಗವಿಲ್ಲ.

ಕಾನೂನು ಇಷ್ಟು ಕಠಿಣವೇಕೆ? ಅಪಘಾತದ ದಿನ ಅದು ಅರ್ಥವಾಗುತ್ತದೆ. ನೋಂದಣಿ ಇಲ್ಲದ ವಾಹನಕ್ಕೆ ವಿಮೆ ಸಿಗುವುದಿಲ್ಲ. ದಾರಿಹೋಕನೊಬ್ಬ ಕಾಲು ಕಳೆದುಕೊಂಡರೆ ಪರಿಹಾರದ ಹೊರೆ ಕಟ್ಟಿದವನ ಮನೆಯ ಮೇಲೆಯೇ ಬೀಳುತ್ತದೆ. ಗಾಯಗೊಂಡವನಿಗೆ ಆ ಮನೆಯಿಂದ ಏನು ಸಿಕ್ಕೀತು? ನಂಬರ್ ಪ್ಲೇಟ್ ಎಂಬುದು ಕಾರಿನವನಿಗಿಂತ ಹೆಚ್ಚಾಗಿ ರಸ್ತೆಯ ಮೇಲಿನ ಉಳಿದವರಿಗಾಗಿ ಇರುವ ಭರವಸೆ. ಹಾಗೆಂದು, ಕಟ್ಟಿದ್ದನ್ನು ಪರೀಕ್ಷಿಸಿ ನೋಡುವ ಬಾಗಿಲೇ ಇಲ್ಲದಿರುವುದು ಸರಿಯೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬ್ರಿಟನ್ನಿನ ಉದಾಹರಣೆ ಕಣ್ಣ ಮುಂದಿದೆ.

ಕೈ ಕಟ್ಟಿ ಕೂರಬೇಕಿಲ್ಲ

ಹಾಗಾದರೆ ಸ್ಪ್ಯಾನರ್ ಹಿಡಿಯುವ ಆಸೆ ಇರುವ ಹುಡುಗ ಹುಡುಗಿಯರು ಏನು ಮಾಡಬೇಕು? ದಾರಿ ಇದೆ. 2007ರಿಂದ ನಡೆಯುತ್ತಿರುವ 'ಬಾಹಾ ಎಸ್‌ಎಇ ಇಂಡಿಯಾ' ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಸ್ವಂತವಾಗಿ ಬಗ್ಗಿ ವಾಹನ ಕಟ್ಟುತ್ತವೆ. ಅದನ್ನು ಲಾರಿಯಲ್ಲಿ ಸಾಗಿಸಿ ಸ್ಪರ್ಧೆಯ ಅಂಗಳದಲ್ಲಿ ಮಾತ್ರ ಓಡಿಸುತ್ತಾರೆ. ಓಟಕ್ಕೆ ಮುಂಚೆ ತಜ್ಞರು ಚೌಕಟ್ಟು, ಬ್ರೇಕ್‌ಗಳನ್ನು ತಪಾಸಣೆ ಮಾಡುತ್ತಾರೆ. ಬ್ರೇಕ್ ಪರೀಕ್ಷೆಯಲ್ಲಿ ಫೇಲಾಗಿ ರಾತ್ರಿಯೆಲ್ಲ ಕೂತು ಸರಿಪಡಿಸುವ ಹುಡುಗರು ಯಾವ ಪಠ್ಯಪುಸ್ತಕವೂ ಕಲಿಸದ್ದನ್ನು ಕಲಿಯುತ್ತಾರೆ.

ಸಾಂಗ್ಲಿಯ ಆ ಪುಟ್ಟ ಜೀಪು ಕೊನೆಗೆ ಎಲ್ಲಿಗೆ ಹೋಯಿತು ಗೊತ್ತೆ? ಗುಜರಿಗಲ್ಲ. ಚೆನ್ನೈ ಬಳಿಯ ಮಹೀಂದ್ರ ಸಂಶೋಧನಾ ಕೇಂದ್ರದ ಕಾರುಗಳ ಸಂಗ್ರಹಕ್ಕೆ ಅದನ್ನು ಸೇರಿಸುವುದಾಗಿ ಆನಂದ್ ಮಹೀಂದ್ರ ಹೇಳಿದರು. ಆರ್‌ಟಿಒ ಕಚೇರಿ ಕೊಡಲಾಗದ ಗೌರವ ಹೀಗೆ ಬೇರೆ ಬಾಗಿಲಿನಿಂದ ಒಲಿದುಬಂತು.

ಪಾಲಕರ ಗಮನಕ್ಕೆ

* ಮಕ್ಕಳು ಪ್ರಾಜೆಕ್ಟ್‌ಗೆಂದು ಹಳೆಯ ಎಂಜಿನ್ ಕೊಂಡರೆ ರಸೀದಿ ಇಟ್ಟುಕೊಳ್ಳಿ. ಎಂಜಿನ್ ಸಂಖ್ಯೆ ಉಜ್ಜಿ ಅಳಿಸಿದ್ದರೆ ಮುಟ್ಟಬೇಡಿ.

* ಪ್ರಾಜೆಕ್ಟ್ ವಾಹನವನ್ನು 'ಒಂದು ಸುತ್ತು ಅಷ್ಟೇ' ಎಂದು ಕೂಡ ರಸ್ತೆಗೆ ಇಳಿಸಬೇಡಿ. ನೋಂದಣಿ ಇಲ್ಲದ ವಾಹನ ಓಡಿಸಿದರೆ ಮೊದಲ ಸಲವೇ 5 ಸಾವಿರ ರೂಪಾಯಿವರೆಗೆ ದಂಡ.

* 18 ತುಂಬದ ಮಕ್ಕಳು ವಾಹನ ಓಡಿಸಿ ತಪ್ಪು ಮಾಡಿದರೆ 2019ರ ತಿದ್ದುಪಡಿಯಂತೆ ಪಾಲಕರು ಅಥವಾ ವಾಹನದ ಮಾಲೀಕರು ಹೊಣೆ. 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು.

* ಹಳೆಯ ಜೀಪು, ಕಾರು ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ ಛಾಸಿಸ್, ಎಂಜಿನ್ ಸಂಖ್ಯೆಗಳನ್ನು ಆರ್‌ಸಿ ಜೊತೆ ತಾಳೆ ನೋಡಿ.