ಪುಟ್ಟ ವೆಬ್ ಸೇವೆ ಕಟ್ಟಿ, ಹೊರಗಿಡುವುದು

ಬ್ರೌಸರ್‌ನಲ್ಲಿ ಕನ್ನಡ ವಿಕಿಪೀಡಿಯದ ಎಪಿಐ ವಿಳಾಸ ಹಾಕಿ, ಕೊನೆಗೆ ‘ಕುವೆಂಪು’ ಎಂದು ಟೈಪ್ ಮಾಡಿ ಲೇಖನದ ಸಾರಾಂಶ ಕೇಳಿದರೆ ಚಿತ್ರ, ಮೆನು ಇರುವ ಪುಟ ತೆರೆಯುವುದಿಲ್ಲ. ಶೀರ್ಷಿಕೆ, ಸಾರಾಂಶ, ಚಿತ್ರದ ವಿಳಾಸ ಎಲ್ಲವೂ ಆವರಣಗಳ ನಡುವೆ ಸಾಲಾಗಿ ಬರುತ್ತವೆ. ಇದು ಇನ್ನೊಂದು ಪ್ರೋಗ್ರಾಂ ಓದಿಕೊಳ್ಳಲೆಂದು ಕೊಟ್ಟ ಉತ್ತರ. ಆ ಬರಹದ ಮಾದರಿಗೆ ಜೇಸನ್ ಎನ್ನುತ್ತಾರೆ, ಹೀಗೆ ಉತ್ತರ ಕೊಡುವ ಏರ್ಪಾಡಿಗೆ ರೆಸ್ಟ್ ವೆಬ್ ಸೇವೆ.

‘ರೆಸ್ಟ್’ ಎಂಬ ಹೆಸರು ಕೊಟ್ಟವರು ರಾಯ್ ಫೀಲ್ಡಿಂಗ್. ವೆಬ್ಬಿನ ಸಂವಹನ ನಿಯಮವಾದ ಎಚ್‌ಟಿಟಿಪಿಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ 2000ದಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ ಅವರು ಇದನ್ನು ವಿವರಿಸಿದರು. ತಿರುಳು ಸರಳ: ಪ್ರತಿ ವಸ್ತುವಿಗೂ ಒಂದು ವಿಳಾಸವಿರಲಿ. ಕೇಳುವವರು ಪ್ರತಿ ಸಲವೂ ಬೇಕಾದ ವಿವರವನ್ನೆಲ್ಲ ಜೊತೆಗೇ ಕಳಿಸಲಿ, ಹಿಂದಿನ ಮಾತುಕತೆಯನ್ನು ಸರ್ವರ್ ನೆನಪಿಡಬೇಕಾಗಿಲ್ಲ. ಹಾಗಾಗಿಯೇ ಒಂದರ ಬದಲು ಹತ್ತು ಸರ್ವರ್ ಇಟ್ಟರೂ ಯಾವುದಾದರೂ ಉತ್ತರಿಸಬಲ್ಲದು.

ಊರಿನ ಗ್ರಂಥಾಲಯದ ಪುಸ್ತಕಪಟ್ಟಿಯನ್ನೇ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟು ಬಳಸಿದರೆ ಇಂಥ ಸೇವೆಗೆ ಇಪ್ಪತ್ತು ಮೂವತ್ತು ಸಾಲು ಸಾಕು. ‘ಬುಕ್ಸ್’ ವಿಳಾಸಕ್ಕೆ ‘ಗೆಟ್’ ಕೋರಿಕೆ ಬಂದರೆ ಇಡೀ ಪಟ್ಟಿ, ಅದರ ಮುಂದೆ 12 ಎಂದಿದ್ದರೆ ಹನ್ನೆರಡನೆಯ ಪುಸ್ತಕ. ‘ಪೋಸ್ಟ್’ ಬಂದರೆ ಹೊಸ ಪುಸ್ತಕ ಸೇರಿಸಿ 201 ಎಂಬ ಸಂಖ್ಯೆ ಕಳಿಸಬೇಕು, ಕೇಳಿದ ಪುಸ್ತಕ ಇಲ್ಲದಿದ್ದರೆ 404. ತಪ್ಪಾದಾಗಲೂ ‘ಎಲ್ಲ ಸರಿ’ ಎನ್ನುವ 200 ಕಳಿಸಿ ಒಳಗೆ ‘ಎರರ್’ ಎಂದು ಬರೆಯುವ ಚಾಳಿ ಹೊಸಬರಲ್ಲಿ ಹೆಚ್ಚು. ಅದನ್ನು ಮೊದಲ ದಿನವೇ ಬಿಡಬೇಕು, ಏಕೆಂದರೆ ಆಚೆಗಿರುವ ಪ್ರೋಗ್ರಾಂ ಮೊದಲು ನೋಡುವುದು ಆ ಸಂಖ್ಯೆಯನ್ನೇ.

ಕನ್ನಡದಲ್ಲಿ ಮಾಡುವವರಿಗೆ ಇಲ್ಲೊಂದು ಗಾಬರಿ ಕಾದಿದೆ. ಪುಸ್ತಕದ ಹೆಸರಿನ ಜಾಗದಲ್ಲಿ ಬ್ಯಾಕ್‌ಸ್ಲ್ಯಾಷ್, ‘ಯು’, ಬೆನ್ನಿಗೇ ನಾಲ್ಕು ನಾಲ್ಕು ಸಂಕೇತಗಳು ಕಾಣುತ್ತವೆ. ಡೇಟಾ ಕೆಟ್ಟಿಲ್ಲ. ಫ್ಲಾಸ್ಕ್ ತಾನಾಗಿ ಇಂಗ್ಲಿಷೇತರ ಅಕ್ಷರಗಳನ್ನು ಹೀಗೆ ಬರೆಯುತ್ತದೆ. ಜೇಸನ್ ಸೆಟ್ಟಿಂಗ್‌ನಲ್ಲಿ ‘ಎನ್ಶೂರ್ ಆಸ್ಕಿ’ಯನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ನಿಜವಾದ ಪಾಠ ಶುರುವಾಗುವುದು ಸೇವೆಯನ್ನು ಲ್ಯಾಪ್‌ಟಾಪ್‌ನಿಂದ ಹೊರಗಿಡುವಾಗ. 127.0.0.1 ಎಂಬ ವಿಳಾಸದಲ್ಲಿ ಓಡುವ ಸೇವೆ ಆ ಯಂತ್ರಕ್ಕಷ್ಟೇ ಕೇಳಿಸುತ್ತದೆ, ಹೊರಗಿನವರಿಗೂ ಸಿಗಬೇಕಾದರೆ 0.0.0.0 ಎಂದು ಹೇಳಬೇಕು. ಫ್ಲಾಸ್ಕ್ ಜೊತೆಗೆ ಬರುವ ಸರ್ವರ್ ಅಭ್ಯಾಸಕ್ಕೆ ಮಾತ್ರ, ಹೊರಗೆ ಗುನಿಕಾರ್ನ್‌ನಂಥ ಗಟ್ಟಿ ಸರ್ವರ್ ಬೇಕು. ದೋಷ ಹುಡುಕಲೆಂದಿರುವ ಡಿಬಗ್ ಮೋಡ್ ಆನ್ ಆಗಿಯೇ ಉಳಿದರೆ ಅಪರಿಚಿತರು ನಿಮ್ಮ ಯಂತ್ರದಲ್ಲಿ ತಮ್ಮ ಕೋಡ್ ಓಡಿಸುವ ಅಪಾಯವಿದೆ. ಡೇಟಾಬೇಸ್ ಪಾಸ್‌ವರ್ಡನ್ನು ಕೋಡ್ ಒಳಗೆ ಬರೆಯದೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಡಬೇಕು. ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸುವ ಗಿಟ್‌ಗೆ ಸೇರಿದ ಪಾಸ್‌ವರ್ಡನ್ನು ಆಮೇಲೆ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದಿರುತ್ತದೆ, ಬದಲಾಯಿಸದೆ ಗತ್ಯಂತರವಿಲ್ಲ.

ಉಚಿತ ಹೋಸ್ಟಿಂಗ್‌ನ ಮಾತೂ ಇದೆ. ಹೊಸಬರ ಮೆಚ್ಚಿನ ತಾಣವಾಗಿದ್ದ ಹೆರೋಕು 2022ರ ನವೆಂಬರ್‌ನಲ್ಲಿ ಉಚಿತ ಯೋಜನೆ ನಿಲ್ಲಿಸಿತು. ಅಂಥ ಬೇರೆ ತಾಣಗಳು ಈಗಲೂ ಇವೆ. ಆದರೆ ಹಲವು ಕಡೆ ಸೇವೆ ಮರುಪ್ರಾರಂಭವಾದಾಗ ಡಿಸ್ಕ್‌ನಲ್ಲಿ ಬರೆದದ್ದೆಲ್ಲ ಹೋಗುತ್ತದೆ, ಆದ್ದರಿಂದ ಪುಸ್ತಕಪಟ್ಟಿ ಪ್ರತ್ಯೇಕ ಡೇಟಾಬೇಸ್‌ನಲ್ಲಿರಬೇಕು.

ಕಲಿಯಲು ಹೊರಟವರು ಹತ್ತು ಸೌಲಭ್ಯ ಸೇರುವವರೆಗೆ ಕಾಯಬೇಡಿ. ಒಂದೇ ವಿಳಾಸ, ಒಂದೇ ಉತ್ತರ ಇರುವಾಗಲೇ ಸೇವೆಯನ್ನು ಹೊರಗಿಟ್ಟು, ಗೆಳೆಯರ ಫೋನಿನಲ್ಲಿ ತೆರೆಸಿ ನೋಡಿ. ಮಿಕ್ಕದ್ದನ್ನು ಆಮೇಲೆ ಸೇರಿಸಿ.