ದೆಹಲಿಯಲ್ಲಿ ಬಿಡಾರ ಹೂಡುವ ಮುನ್ನ

ದೆಹಲಿಗೆ ವರ್ಗವಾಯಿತೆಂಬ ಆಜ್ಞೆ ಕೈಸೇರಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಮಕ್ಕಳ ಓದು ಏನಾಗುತ್ತದೆ, ಹಿಂದಿ ಬಾರದೆ ನಡೆದೀತೆ, ನಮ್ಮ ಕಡೆಯ ಅಕ್ಕಿ ಅಲ್ಲಿ ಸಿಕ್ಕುತ್ತದೆಯೆ. ಮೂರಕ್ಕೂ ಸಮಾಧಾನವುಂಟು. ಲೋದಿ ಎಸ್ಟೇಟಿನಲ್ಲಿ ಕನ್ನಡಿಗರು ಕಟ್ಟಿದ ದೆಹಲಿ ಕನ್ನಡ ಶಾಲೆಯಿದೆ. ರಾಮಕೃಷ್ಣಪುರದಲ್ಲಿ ಕರ್ನಾಟಕ ಸಂಘವಿದೆ. ಅಕ್ಕಿ, ಕಾಫಿಪುಡಿ, ಸಾರಿನಪುಡಿಗಳನ್ನು ಮಾರುವ ದಕ್ಷಿಣದವರ ಅಂಗಡಿಗಳೂ ಇವೆ. ಹಿಂದಿಯನ್ನು ತರಕಾರಿಯವನೇ ಮೂರು ತಿಂಗಳಲ್ಲಿ ಕಲಿಸಿಬಿಡುತ್ತಾನೆ.

ಸೆಖೆಯ ಮಾತನ್ನು ಮಾತ್ರ ಯಾರೂ ಗಂಭೀರವಾಗಿ ಎತ್ತುವುದಿಲ್ಲ. "ನಾವು ಬಿಸಿಲು ಕಾಣದವರೆ?" ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಮುಗಿದಿತ್ತು. ಅದರ ಬೆಲೆ ತೆತ್ತವರು ನನ್ನ ತಾಯಿಯವರು. ಆ ಸಂಗತಿಯನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಸೆಖೆಯ ಸ್ವಭಾವವೇನೆಂಬುದನ್ನು ನೋಡೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ದೆಹಲಿಯ ಎತ್ತರ 200 ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಉತ್ತರದಲ್ಲಿರುವುದರಿಂದ ಸೂರ್ಯ ಅಲ್ಲಿ ನೇರ ನೆತ್ತಿಯ ಮೇಲೆ ಎಂದೂ ಬರುವುದಿಲ್ಲ. ಹಾಗಿದ್ದೂ ಆ ಊರು ಅಷ್ಟು ಕಾಯುವುದೇಕೆ? ಜೂನ್ ತಿಂಗಳ ಹಗಲು ಅಲ್ಲಿ ಹದಿನಾಲ್ಕು ಗಂಟೆಗಳಿಗೆ ಸಮೀಪ. ನಮ್ಮಲ್ಲಿಗಿಂತ ಒಂದು ಗಂಟೆ ಹೆಚ್ಚು. ಸಮುದ್ರ ದೂರ, ಪಶ್ಚಿಮಕ್ಕೆ ರಾಜಸ್ಥಾನದ ಮರುಭೂಮಿ. ನಮ್ಮ ನಾಡಿನ ಬೇಸಿಗೆಯನ್ನು ಏಪ್ರಿಲ್-ಮೇ ತಿಂಗಳ ಗುಡುಗುಮಳೆಗಳು ನಡುನಡುವೆ ತಣಿಸುತ್ತವೆ. ಜೂನ್ ಮೊದಲ ವಾರಗಳಲ್ಲಿ ಮುಂಗಾರೂ ಬಂದುಬಿಡುತ್ತದೆ. ದೆಹಲಿಗೆ ಮುಂಗಾರು ಸೇರುವುದು ವಾಡಿಕೆಯಂತೆ ಜೂನ್ 27ರ ಸುಮಾರಿಗೆ. ಅಲ್ಲಿಯವರೆಗೆ ನೆಲ ಕಾದದ್ದೇ ಕಾದದ್ದು.

ಅಂಕಿಗಳನ್ನು ಬೇಡುವವರಿಗೆ ಎರಡನ್ನು ಕೊಡುತ್ತೇನೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಮಾನ 39.2 ಡಿಗ್ರಿಗೆ ಏರಿದಾಗ ಊರೆಲ್ಲ ಗಾಬರಿಯಾಗಿತ್ತು. 2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ವೀಕ್ಷಣಾಲಯ 46.8 ಡಿಗ್ರಿಯನ್ನು ದಾಖಲಿಸಿತು. ಅದೇ ದಿನ ನಗರದ ಅಂಚಿನ ಮುಂಗೇಶ್‌ಪುರದಲ್ಲಿ 52.9 ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಅಲ್ಲಿನ ಉಪಕರಣ ಮೂರು ಡಿಗ್ರಿಯಷ್ಟು ಹೆಚ್ಚು ತೋರಿಸಿತ್ತೆಂದು ಹವಾಮಾನ ಇಲಾಖೆ ಆಮೇಲೆ ತಿಳಿಸಿತು. ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಹೆದರಿಸುವ ಅಂಕಿ ಆ ವರ್ಷದ ಜೂನ್ 19ರದು. ಆ ದಿನದ ಕನಿಷ್ಠ ಉಷ್ಣಮಾನ 35.2. ಕನಿಷ್ಠ, ಗಮನಿಸಿ! ಸಂಜೆಯಾದರೆ ಗಾಳಿ ತಣ್ಣಗಾಗುತ್ತದೆ, ರಾತ್ರಿ ನಿದ್ದೆಯಲ್ಲಿ ಮೈ ಸುಧಾರಿಸಿಕೊಳ್ಳುತ್ತದೆ ಎಂಬ ನಮ್ಮ ಮೈಸೂರು ಸೀಮೆಯ ನಂಬಿಕೆ ಅಲ್ಲಿ ಕೈಕೊಡುತ್ತದೆ.

ಇನ್ನೊಂದು ಮಾತು. ದೆಹಲಿಯ ಬೇಸಿಗೆ ಒಂದಲ್ಲ, ಎರಡು. ಮೇ ತಿಂಗಳ ದೆಹಲಿ ಕಲಬುರಗಿ, ರಾಯಚೂರುಗಳ ನಂಟನು: ಒಣ ಬಿಸಿಲು, 'ಲೂ' ಎಂಬ ಪಡುವಣ ಬಿಸಿಗಾಳಿ, ಒಮ್ಮೊಮ್ಮೆ ಹಾಡುಹಗಲೇ ಕತ್ತಲೆ ಮಾಡುವ 'ಆಂಧಿ' ಎಂಬ ಧೂಳಿನ ಬಿರುಗಾಳಿ. ಜುಲೈ ಬಂತೆಂದರೆ ಅದೇ ಊರು ಮಂಗಳೂರಾಗುತ್ತದೆ: ಉಷ್ಣಮಾನ ಮೂವತ್ತೈದಕ್ಕೆ ಇಳಿದಿರುತ್ತದೆ, ಆದರೆ ಬೆವರು ಆರುವುದಿಲ್ಲ. ಕಲಬುರಗಿಯವರಿಗೆ ಮೊದಲನೆಯದು ಗೊತ್ತು, ಕರಾವಳಿಯವರಿಗೆ ಎರಡನೆಯದು ಗೊತ್ತು. ಎರಡೂ ತಿಳಿಯದೆ ಹೋಗುವವರು ಬೆಂಗಳೂರು, ಮೈಸೂರಿನ ನಾವು. ಒಂದಕ್ಕೆ ಒದಗುವ ಉಪಾಯ ಇನ್ನೊಂದಕ್ಕೆ ಒದಗುವುದಿಲ್ಲವಾದ್ದರಿಂದ ಈ ಭೇದವನ್ನು ಹೊರಡುವ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಾನು ಮನೆ ನೋಡಲು ಹೋದದ್ದು ಫೆಬ್ರವರಿಯಲ್ಲಿ. ತಾರಸಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುವಂಥ ಎಳೆಬಿಸಿಲು. ಬೀದಿಯ ಉದ್ದಕ್ಕೂ ಹೂವು. ಮೂರನೆಯ ಅಂತಸ್ತು, ಅದೇ ಕಡೆಯದು. ಪಡುವಣಕ್ಕೆ ದೊಡ್ಡ ಕಿಟಕಿ, ಬಾಡಿಗೆ ಕಡಿಮೆ. ಕಡಿಮೆ ಏಕೆಂದು ನಾನೂ ಕೇಳಲಿಲ್ಲ, ದಲ್ಲಾಳಿಯೂ ಹೇಳಲಿಲ್ಲ. ಮೇ ಕೊನೆಯ ವಾರ ಸಂಸಾರ ಸಮೇತ ರೈಲಿಳಿದೆವು. ತಾಯಿಯವರಿಗೆ ಆಗ ಎಪ್ಪತ್ತೆರಡು ವರ್ಷ. ಒಂದು ವಾರ ಅವರು ಚೆನ್ನಾಗಿಯೇ ಇದ್ದರು. "ಇಲ್ಲಿ ಬೆವರೇ ಇಲ್ಲವಲ್ಲೋ, ನಮ್ಮೂರಿಗಿಂತ ವಾಸಿ" ಎಂದು ಅವರೇ ಹೇಳುತ್ತಿದ್ದರು. ಬೆವರಿಲ್ಲವೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು. ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ಮಗಳನ್ನು ತಮ್ಮ ತಂಗಿಯ ಹೆಸರು ಹಿಡಿದು ಕೂಗಿ, ಹಾಲು ಉಕ್ಕಿತೇನೆ ನೋಡು ಎಂದರಂತೆ. ಮಗಳು ನಕ್ಕಳು. ಅಜ್ಜಿ ಮತ್ತೆ ಅದೇ ಹೆಸರು ಕೂಗಿದಾಗ ಅವಳಿಗೆ ನಗು ಬರಲಿಲ್ಲ. ಮೈ ಮುಟ್ಟಿ ನೋಡಿದರೆ ಹಂಚಿನಂತೆ ಕಾದಿತ್ತು.

ಪಕ್ಕದ ಮನೆಯ ಪಂಜಾಬಿ ಹೆಂಗಸು ಬಂದದ್ದು ನಮ್ಮ ಪುಣ್ಯ. ಆಕೆ ಒಂದು ಮಾತೂ ಆಡದೆ ಬಕೆಟ್ಟು ನೀರು ತಂದು ಅವರ ಮೈಮೇಲೆ ಸುರಿದು, ಒದ್ದೆ ಬಟ್ಟೆ ಹೊದಿಸಿ, ಬೀಸಣಿಗೆ ತೆಗೆದುಕೊಂಡು ಬೀಸತೊಡಗಿದರಂತೆ. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದೂ ಅದನ್ನೇ: ಬದುಕಿಸಿದ್ದು ಆ ನೀರು, ಆ ಗಾಳಿ. ತಾಯಿಯವರು ನಾಲ್ಕು ದಿನದಲ್ಲಿ ಮನೆಗೆ ಬಂದರು.

ಆಗಿದ್ದೇನು? ಒಣ ಹವೆಯಲ್ಲಿ ಬೆವರು ಹುಟ್ಟಿದ ಕ್ಷಣವೇ ಆವಿಯಾಗಿಬಿಡುತ್ತದೆ. ಮೈ ಒಣಗಿಯೇ ಕಾಣುತ್ತದೆ, ಒಳಗಿನ ನೀರು ಮಾತ್ರ ಹೋಗುತ್ತಲೇ ಇರುತ್ತದೆ. ವಯಸ್ಸಾದವರಿಗೆ ನೀರಡಿಕೆಯ ಅರಿವೂ ಮಂದ. ಹೊಸ ಸೆಖೆಗೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರುವುದು ಬೇಗ ಮೊದಲಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಹದಿನೈದು ದಿನ ಮನೆಯ ಹಿರಿಯರಿಗೂ ಎಳೆಯ ಮಕ್ಕಳಿಗೂ ಗಂಟೆ ನೋಡಿ ನೀರು ಕೊಡಬೇಕು. ಕೇಳಲಿ ಎಂದು ಕಾಯಬಾರದು. ಮಜ್ಜಿಗೆಗೆ ಉಪ್ಪು ಹಾಕಿ ಕೊಡಿ. ನಮ್ಮ ರಾಮನವಮಿಯ ಪಾನಕಕ್ಕೆ ಅಲ್ಲಿ 'ಆಮ್ ಪನ್ನಾ' ಎಂಬ ಬೆಂದ ಮಾವಿನಕಾಯಿಯ ಪಾನಕ ಜೊತೆಗಾರ, ಅದನ್ನು ಕಲಿತುಕೊಳ್ಳಿ. ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ತಿಳಿಯಬೇಕು. ಮಾತು ತೊದಲಿತು, ಗುರುತು ತಪ್ಪಿತು, ನಡಿಗೆ ತೂಗಿತು ಎಂದರೆ ಅದು ಜ್ವರವಲ್ಲ, ಬಿಸಿಲಿನ ಹೊಡೆತ. ಜ್ವರದ ಮಾತ್ರೆಯಿಂದ ಅದು ಇಳಿಯುವುದಿಲ್ಲ. 112ಕ್ಕೆ ಕರೆಮಾಡಿ, ವಾಹನ ಬರುವವರೆಗೆ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಇನ್ನು ಮನೆಯ ವಿಚಾರ. ಜೂನ್‌ನಲ್ಲಿ ದೆಹಲಿಯ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಗೇ ಬಂದಿರುವುದರಿಂದ ಬಿಸಿಲೆಲ್ಲ ತಾರಸಿಯ ಮೇಲೆ ಬೀಳುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ಆ ಬಿಸಿಯನ್ನು ರಾತ್ರಿಯೆಲ್ಲ ಕೆಳಗಿನ ಕೋಣೆಗೆ ಇಳಿಸುತ್ತದೆ. ಕಡೆಯ ಅಂತಸ್ತಿನ ಬಾಡಿಗೆ ಕಡಿಮೆಯಿರುವುದಕ್ಕೆ ಕಾರಣ ಇದೇ. ಆ ಬಳಿಕ ಕಾಯುವುದು ಪಡುವಣ ಗೋಡೆ. ತೆಂಕಣ ಗೋಡೆಗೆ ಬೇಸಿಗೆಯಲ್ಲಿ ಬಿಸಿಲು ತಾಗುವುದು ಅಲ್ಪ. ಚಳಿಗಾಲದಲ್ಲಾದರೋ ಸೂರ್ಯ ತೆಂಕಣಕ್ಕೆ ವಾಲಿ ತಗ್ಗಿನಲ್ಲಿ ಸಾಗುವುದರಿಂದ ಅದೇ ಕಡೆಯ ಕಿಟಕಿ ಮನೆಯನ್ನು ಬೆಚ್ಚಗಿಡುತ್ತದೆ. ತೆಂಕಣ ಬಾಗಿಲೆಂದರೆ ಮೂಗು ಮುರಿಯುವ ನಮ್ಮ ಹಿರಿಯರೊಡನೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಬಾಗಿಲು ಬೇಡವಾದರೆ ಕಿಟಕಿಯನ್ನಾದರೂ ಆ ಕಡೆಗೆ ನೋಡಿಕೊಳ್ಳಿ. ಕಡೆಯ ಅಂತಸ್ತೇ ಗತಿಯಾದರೆ ತಾರಸಿಗೆ ಬಿಳಿಯ ಸುಣ್ಣ ಬಳಿಸಿ. ಬೆಳಿಗ್ಗೆ ಎಂಟು ಒಂಬತ್ತಕ್ಕೆ ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದು, ಹೊರಗಿನ ಗಾಳಿ ತಣಿದ ಮೇಲೆಯೇ ತೆರೆಯಬೇಕು. ಗಾಳಿ ಬರಲೆಂದು ಹಗಲೆಲ್ಲ ಕಿಟಕಿ ತೆರೆದಿಡುವ ನಮ್ಮ ಅಭ್ಯಾಸ ಅಲ್ಲಿ ಮನೆಯನ್ನು ಕುಲುಮೆ ಮಾಡುತ್ತದೆ. ತಾರಸಿಯ ಕರಿಯ ತೊಟ್ಟಿಯ ನೀರು ಮಧ್ಯಾಹ್ನ ಮುಟ್ಟಲಾಗದಷ್ಟು ಕಾದಿರುತ್ತದೆ. ಸ್ನಾನಕ್ಕೆ ನಸುಕಿನಲ್ಲೇ ಬಕೆಟ್ಟು ತುಂಬಿಸಿಡುವುದು ಜಾಣತನ.

ಕೂಲರ್ ಎಂಬ ಯಂತ್ರದ ಬಗ್ಗೆ ಹೊಸಬರಿಗೆ ಗೊಂದಲವಿರುತ್ತದೆ. ಒದ್ದೆ ಹುಲ್ಲಿನ ಮೂಲಕ ಗಾಳಿಯನ್ನೆಳೆದು, ನೀರು ಆವಿಯಾಗುವಾಗ ಆಗುವ ತಂಪನ್ನು ಕೋಣೆಗೆ ಕಳುಹಿಸುವುದೇ ಅದರ ಕೆಲಸ. ನಮ್ಮ ಮಣ್ಣಿನ ಹೂಜಿಯ ತತ್ವವೇ. ಹಿಂದೆ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ. ಹೊರಗೆ 42 ಡಿಗ್ರಿಯಿದ್ದು ಹವೆ ಚೆನ್ನಾಗಿ ಒಣಗಿದ್ದರೆ ಒಳ್ಳೆಯ ಕೂಲರ್ 28ರ ಸುಮಾರಿನ ಗಾಳಿ ಕೊಡಬಲ್ಲುದು. ಆದರೆ ಅದನ್ನು ಕಿಟಕಿಯ ಹೊರಗಿಟ್ಟು, ಎದುರಿನ ಇನ್ನೊಂದು ಕಿಟಕಿಯನ್ನು ತುಸು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಅದು ಬರಿಯ ತೇವ ತುಂಬುತ್ತದೆ. ಜುಲೈನ ತೇವದ ಗಾಳಿಯಲ್ಲಂತೂ ಅದು ಏನೂ ಮಾಡಲಾರದು. ಆಗ ಬೇಕಾದದ್ದು ಹವಾನಿಯಂತ್ರಣ ಯಂತ್ರ, ಇಲ್ಲವೆ ತಾಳ್ಮೆ. ಕೂಲರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ಒಣಗಿಸದಿದ್ದರೆ ಡೆಂಗಿಯ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತೆ. ಗಾಳಿಪಂಖೆಯೂ ಕೋಣೆಯ ಹವೆ ನಲವತ್ತು ದಾಟಿದ ಮೇಲೆ ತಂಪು ಕೊಡುವುದಿಲ್ಲ. ಬಿಸಿಯನ್ನೇ ಮೈಗೆ ಬೀಸುತ್ತದೆ.

ಅಡಿಗೆಮನೆಯವರಿಗೆ ಒಂದು ಮಾತು. ಮೇ ತಿಂಗಳಲ್ಲಿ ದೋಸೆಹಿಟ್ಟು ನಾಲ್ಕೈದು ಗಂಟೆಯಲ್ಲೇ ಹುಳಿಯೇರುತ್ತದೆ. ರಾತ್ರಿ ರುಬ್ಬಿ ಹೊರಗಿಟ್ಟರೆ ಬೆಳಿಗ್ಗೆ ಕೆಟ್ಟಿರುತ್ತದೆ. ಜನವರಿಯಲ್ಲಿ ಕಂಬಳಿ ಸುತ್ತಿಟ್ಟರೂ ಉಬ್ಬುವುದಿಲ್ಲ. ಹಪ್ಪಳ ಸಂಡಿಗೆ ಮಾತ್ರ ಒಂದೇ ಬಿಸಿಲಿಗೆ ಗರಿಗರಿ.

ಸಾಧ್ಯವಾದರೆ ಮಾರ್ಚ್ ಕೊನೆಯಲ್ಲಿ ಹೊರಡಿ. ಅಲ್ಲಿನ ಶಾಲೆಗಳ ವರ್ಷ ಏಪ್ರಿಲ್‌ನಲ್ಲೇ ಮೊದಲಾಗುತ್ತದೆ. ಸೆಖೆ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಮೈಯೂ ಜೊತೆಯಲ್ಲೇ ಒಗ್ಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಹೊಗೆ ಕವಿಯುವ ಕಾಲ. ಉಬ್ಬಸದವರು ಆಗ ಹೋಗದಿರುವುದು ಮೇಲು. ನಾವು ಆ ಮೂರನೆಯ ಅಂತಸ್ತನ್ನು ಜುಲೈನಲ್ಲೇ ಬಿಟ್ಟು, ಬಾಡಿಗೆ ಹೆಚ್ಚಾದರೂ ನೆಲದ ಮಟ್ಟದ ಮನೆಗೆ ಬಂದೆವು. ಎದುರಿಗೆ ಕಕ್ಕೆಮರ. ಅಲ್ಲಿ ಅದಕ್ಕೆ ಅಮಲ್ತಾಸ್ ಎನ್ನುತ್ತಾರೆ. ಧಗೆ ಏರಿದಷ್ಟೂ ಹಳದಿ ಗೊಂಚಲು ಹೆಚ್ಚು. ಮರುವರ್ಷದ ಮೇ ತಿಂಗಳಲ್ಲಿ ತಾಯಿಯವರು ಸೆರಗಿನ ತುದಿಗೆ ಗಡಿಯಾರ ಕಟ್ಟಿಕೊಂಡವರಂತೆ ಗಂಟೆಗೊಂದು ಲೋಟ ನೀರು ಕುಡಿಯುತ್ತ, ಪಕ್ಕದ ಮನೆಗೆ ಹೊಸದಾಗಿ ಬಂದ ಧಾರವಾಡದವರಿಗೂ ಕುಡಿಸುತ್ತಿದ್ದರು.