ನಿಮಗಿದು ಗೊತ್ತೇ? ಬ್ರಿಟನ್ನಿನ ಮಂತ್ರಿಗಿರಿ: ಹತ್ತುವ ದಾರಿ, ಇಳಿಯುವ ದಾರಿ

● ಬ್ರಿಟನ್ನಿನಲ್ಲಿ ಮಂತ್ರಿಯಾಗುವ ಆಸೆಯಿರುವ ಸಂಸದರು ಸಾಮಾನ್ಯವಾಗಿ ಮೊದಲು ಹಿಡಿಯುವ ಹುದ್ದೆ ಪಾರ್ಲಿಮೆಂಟರಿ ಪ್ರೈವೇಟ್ ಸೆಕ್ರೆಟರಿ. ಸಚಿವರೊಬ್ಬರ ಪರವಾಗಿ ಸದನದಲ್ಲಿ ಓಡಾಡಿ, ಸಂಸದರ ಒಳಮಾತು ತಿಳಿದು ಅವರಿಗೆ ಮುಟ್ಟಿಸುವುದೇ ಕೆಲಸ. ಇದಕ್ಕೆ ಸಂಸದರ ವೇತನದ ಮೇಲೆ ಒಂದು ಪೆನ್ನಿಯೂ ಹೆಚ್ಚಿಗೆ ಸಿಗದು! ಸರ್ಕಾರದ ವಿರುದ್ಧ ಮತ ಹಾಕಿದರೆ ಮಾತ್ರ ಹುದ್ದೆ ಹೋದಂತೆಯೇ.

● ಅಲ್ಲಿಂದ ಮುಂದೆ ಕಿರಿಯ ಸಚಿವ, ರಾಜ್ಯ ಸಚಿವ, ಕೊನೆಗೆ ಸಂಪುಟ. 1975ರ ಕಾನೂನು ಸಂಬಳದ ಹುದ್ದೆಗಳಿಗೆ 109ರ ಮಿತಿ ಹಾಕಿತು. ಹೀಗಾಗಿ ಲಾರ್ಡ್ಸ್ ಸಭೆಯ ಕೆಲವು ಸಚಿವರು ಬಿಟ್ಟಿ ದುಡಿದದ್ದೂ ಉಂಟು.

● ಆಡಳಿತ ಪಕ್ಷದ ಸಚೇತಕರಲ್ಲೊಬ್ಬರಿಗೆ ‘ವೈಸ್ ಚೇಂಬರ್‌ಲೇನ್’ ಪಟ್ಟ. ರಾಜರು ಸಂಸತ್ತಿನ ಅಧಿವೇಶನ ಉದ್ಘಾಟಿಸಲು ಹೋದಾಗ ಇವರು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ‘ಒತ್ತೆಯಾಳು’! ರಾಜರು ಸುರಕ್ಷಿತವಾಗಿ ಮರಳಿದ ಮೇಲೆಯೇ ಬಿಡುಗಡೆ. ಸದನದ ಕಲಾಪದ ವರದಿ ಬರೆದು ರಾಜರಿಗೆ ಕಳಿಸುವುದೂ ಇವರದೇ ಕೆಲಸ.

● ಒಂದು ಕಾಲದಲ್ಲಿ ಸಂಪುಟ ಸೇರಿದ ಸಂಸದರು ಮತ್ತೆ ಜನರ ಮುಂದೆ ಹೋಗಿ ಗೆದ್ದು ಬರಬೇಕಿತ್ತು. 1908ರಲ್ಲಿ ವಾಣಿಜ್ಯ ಸಚಿವರಾದ ವಿನ್‌ಸ್ಟನ್ ಚರ್ಚಿಲ್ ಮ್ಯಾಂಚೆಸ್ಟರ್‌ನ ಉಪಚುನಾವಣೆಯಲ್ಲಿ ಸೋತರು. ಡಂಡಿಯಲ್ಲಿ ಗೆದ್ದು ಹುದ್ದೆ ಉಳಿಸಿಕೊಂಡರು. ಈ ನಿಯಮ ಪೂರ್ತಿ ರದ್ದಾದದ್ದು 1926ರಲ್ಲಿ.

● ಹಣಕಾಸು, ಗೃಹ, ವಿದೇಶಾಂಗ, ಪ್ರಧಾನಿ — ಈ ನಾಲ್ಕೂ ಹುದ್ದೆ ಕಂಡವರು ಜೇಮ್ಸ್ ಕ್ಯಾಲಹನ್ ಒಬ್ಬರೇ. ಟೋನಿ ಬ್ಲೇರ್, ಡೇವಿಡ್ ಕ್ಯಾಮರನ್, ಕೀರ್ ಸ್ಟಾರ್ಮರ್ ಅವರಂತೂ ಕಿರಿಯ ಸಚಿವರೂ ಆಗದೆ ನೇರ ಪ್ರಧಾನಿಯಾದವರು!

● ಬೆಂಗಳೂರಿನ ಅಳಿಯ ರಿಷಿ ಸುನಕ್ 2015ರಲ್ಲಿ ಸಂಸದ, 2018ರಲ್ಲಿ ಕಿರಿಯ ಸಚಿವ, 2020ರಲ್ಲಿ ಹಣಕಾಸು ಸಚಿವ, 2022ರಲ್ಲಿ ಪ್ರಧಾನಿ. ಎಲ್ಲವೂ ಏಳೇ ವರ್ಷದಲ್ಲಿ.

● 2022ರ ಜುಲೈನಲ್ಲಿ ಶಿಕ್ಷಣ ಸಚಿವೆಯಾದ ಮಿಷೆಲ್ ಡೊನೆಲನ್ ಎರಡು ದಿನ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಹುದ್ದೆ ಬಿಟ್ಟ 65 ವರ್ಷದೊಳಗಿನ ಸಚಿವರಿಗೆ, ಎಷ್ಟೇ ದಿನ ಇದ್ದಿರಲಿ, ಮೂರು ತಿಂಗಳ ಸಂಬಳದ ಪರಿಹಾರ ಎಂಬುದು ಆಗಿನ ನಿಯಮ.

● ಪ್ರಧಾನಿಯಾಗಿದ್ದವರು ಕೆಳಗಿನ ಹುದ್ದೆಗೆ ಬರಬಾರದೆಂದೇನಿಲ್ಲ. 2016ರಲ್ಲಿ ಪ್ರಧಾನಿ ಪಟ್ಟ ಬಿಟ್ಟ ಕ್ಯಾಮರನ್ 2023ರಲ್ಲಿ ಸುನಕ್ ಸಂಪುಟದ ವಿದೇಶಾಂಗ ಸಚಿವರಾದರು. ಆಗ ಅವರು ಸಂಸದರೂ ಅಲ್ಲ! ‘ಲಾರ್ಡ್’ ಮಾಡಿ ಮೇಲ್ಮನೆಗೆ ತಂದು ಸಚಿವಗಿರಿ ಕೊಡಲಾಯಿತು.